ಹದಿನೇಳನೇ ಹೋಲಿನ ಸುಣ್ಣದ ಗೆರೆ

ನಮ್ಮ ಗಾಲ್ಫ್ ಕ್ಲಬ್ಬಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರ ಬಾಯಲ್ಲೂ ಅವನು ಸುಣ್ಣದಣ್ಣ. ಮೈದಾನ ನೋಡಿಕೊಳ್ಳುವ ಆಳುಗಳಲ್ಲಿ ಎಲ್ಲರಿಗಿಂತ ಹಿರಿಯ. ಹುಲ್ಲು ಕೊಳೆತ ಕಡೆ, ಪೈಪಿಗೆಂದು ಅಗೆದು ಮುಚ್ಚಿದ ಕಡೆ ಸುಣ್ಣದ ನೀರಿನಿಂದ ಸುತ್ತ ಗೆರೆ ಎಳೆಯುವುದು ಇಪ್ಪತ್ತಾರು ವರ್ಷಗಳಿಂದ ಅವನ ಕೆಲಸವಾಗಿತ್ತು. ಆ ಗೆರೆಯೊಳಗೆ ಚೆಂಡು ಬಿದ್ದರೆ ಆಟಗಾರರು ಅದನ್ನು ಎತ್ತಿ, ದಂಡವಿಲ್ಲದೆ ಆಚೆ ಹಾಕಿಕೊಂಡು ಆಡಬಹುದು.

"ಇದು ನೆಲಕ್ಕೆ ಕಟ್ಟಿದ ಪಟ್ಟಿ ಕಣ್ರೀ. ಗಾಯದ ಮೇಲೆ ಯಾರಾದ್ರೂ ಕೋಲು ಬೀಸ್ತಾರಾ?" ಎನ್ನುತ್ತಿದ್ದ.

ನಾನು ಅದೇ ಕ್ಲಬ್ಬಿನ ಗುಮಾಸ್ತ. ಪಂದ್ಯಾವಳಿ ಬಂದಾಗಲೆಲ್ಲ ಸ್ಥಳೀಯ ನಿಯಮಗಳ ಹಾಳೆ ಟೈಪ್ ಮಾಡಿ ಫಲಕಕ್ಕೆ ಅಂಟಿಸುವವನು. ಸುಣ್ಣದಣ್ಣನಿಗೆ ಓದು ಅಷ್ಟಕ್ಕಷ್ಟೆ. ಹಾಗಾಗಿ ಅಂಟಿಸುವ ಮೊದಲು ಅವನಿಗೊಮ್ಮೆ ಓದಿ ಹೇಳುತ್ತಿದ್ದೆ. ಹತ್ತು ಸಲ ಕೇಳಿದ್ದನ್ನೂ ಹೊಸದಾಗಿ ಕೇಳುವವನಂತೆ ತಲೆಯಾಡಿಸುತ್ತಿದ್ದ. ನಿಯಮ ಅಂದರೆ ಅವನಿಗೆ ಭಕ್ತಿ. ನನಗೆ ಆಗಲೂ ಇರಲಿಲ್ಲ, ಈಗಂತೂ ಹೇಳುವುದೇ ಬೇಡ.

ಹೆಂಡತಿ ಹೋದ ಮೇಲೆ ಯಂತ್ರಗಳ ಶೆಡ್ಡಿನ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲೇ ಅವನು ಮಗಳನ್ನು ಸಾಕಿದ. ಡೀಸೆಲ್ ವಾಸನೆ ಅನ್ನದ ತಟ್ಟೆಯವರೆಗೂ ಬರುವ ಮನೆ ಅದು. ಸದಸ್ಯರು ಬೇಡವೆಂದು ಬಿಸಾಕಿದ ಕೋಲುಗಳ ಹಿಡಿಗೆ ಬಟ್ಟೆ ಸುತ್ತಿಕೊಂಡು ಹುಡುಗಿ ಆಟ ಕಲಿತಳು. ಇಪ್ಪತ್ತಮೂರು ತುಂಬುವಷ್ಟರಲ್ಲಿ ಸದಸ್ಯರಲ್ಲಿ ಅರ್ಧಕ್ಕರ್ಧ ಜನ ಅವಳ ಮುಂದೆ ನಿಲ್ಲಲಾರದವರಾಗಿದ್ದರು. ಮಗಳು ಹೊಡೆದ ಚೆಂಡು ಎಲ್ಲಿ ಬೀಳುತ್ತದೆಂದು ನೋಡುತ್ತ ನಿಂತರೆ ಸುಣ್ಣದಣ್ಣನ ಕೈಯ ಬಕೆಟ್ಟು ಓರೆಯಾಗಿ ಸುಣ್ಣವೆಲ್ಲ ಕಾಲ ಮೇಲೆ ಸುರಿಯುತ್ತಿತ್ತು.

ಆ ವರ್ಷ ಸಮಿತಿಗೆ ಏನು ಹೊಳೆಯಿತೋ, ಹೆಂಗಸರ ಪಂದ್ಯಾವಳಿಯಲ್ಲಿ ಸಿಬ್ಬಂದಿಯ ಮನೆಯವರೂ ಆಡಬಹುದು ಎಂದಿತು. ಗೆದ್ದವರಿಗೆ ಮಕ್ಕಳಿಗೆ ಆಟ ಕಲಿಸುವ ಕಾಯಂ ಕೆಲಸ, ಜೊತೆಗೆ ಕ್ವಾರ್ಟರ್ಸು. ಸುಣ್ಣದಣ್ಣನ ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಮಗಳು ಗೆದ್ದರೆ ಅವಳಿಗೊಂದು ಬದುಕು, ಇಬ್ಬರ ತಲೆಯ ಮೇಲೂ ಸೂರು. ಇಷ್ಟು ದಿನ ಯಾರನ್ನೂ ಏನೂ ಕೇಳದವನು ನನ್ನ ಹತ್ತಿರ ಬಂದು, "ಆಗುತ್ತೆ ಅಂತೀರಾ?" ಎಂದು ದಿನಕ್ಕೆರಡು ಸಲ ಕೇಳುತ್ತಿದ್ದ.

ಅದೇ ಹೊತ್ತಿಗೆ ಹೊಸ ಕಾರ್ಯದರ್ಶಿ ಬಂದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎನ್ನುತ್ತಾರಲ್ಲ, ಹಾಗೆ ಎಲ್ಲ ನಿಯಮಗಳನ್ನೂ ಕುಕ್ಕಿ ಒಗೆದರು. ನಾಲ್ಕನೇ ನಿಯಮ ಹೀಗಾಯಿತು: ದುರಸ್ತಿಯ ನೆಲವೆಂದರೆ ನೀಲಿ ಗೂಟ ಹೊಡೆದ ಜಾಗ. ಬರೀ ಸುಣ್ಣದ ಗೆರೆಯಿದ್ದರೆ, ಕಾರ್ಯದರ್ಶಿಯ ಅಪ್ಪಣೆಯಿಂದ ಎಳೆದದ್ದಾದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಓದಿ ಹೇಳಿದಾಗ ಸುಣ್ಣದಣ್ಣ ನಕ್ಕ.

"ಗಾಯಕ್ಕೆ ಗೂಟ ಜಡೀತಾರಂತಾ? ಸರಿ ಬಿಡಿ, ದೊಡ್ಡೋರು ಹೇಳಿದ ಮೇಲೆ ಮುಗೀತು."

ಪಂದ್ಯದ ಕೊನೆಯ ದಿನ ಬೆಳಿಗ್ಗೆ ಹದಿನೆಂಟು ಗುಳಿಗಳ ಮೈದಾನದ ಹದಿನೇಳನೇ ಹೋಲಿನ ಹತ್ತಿರ ನೀರಿನ ಪೈಪು ಒಡೆಯಿತು. ಉಗ್ರಾಣದ ಬಾಗಿಲಲ್ಲಿ ನಾವು ಮೂವರೇ ಇದ್ದೆವು: ಕಾರ್ಯದರ್ಶಿ, ಸುಣ್ಣದಣ್ಣ, ಕೈಯಲ್ಲಿ ನಿಯಮದ ಹಾಳೆಗಳ ಕಟ್ಟು ಹಿಡಿದ ನಾನು.

"ನೀಲಿ ಗೂಟ ಒಂದೂ ಉಳಿದಿಲ್ಲ ಸಾರ್," ಎಂದ ಸುಣ್ಣದಣ್ಣ.

"ಸುಣ್ಣಾನೇ ಎಳೆದುಬಿಡು. ನಾನು ಹೇಳ್ತಿದೀನಲ್ಲ."

"ಸಾರ್, ಹಾಳೆಯಲ್ಲಿ ಒಂದು ಸಾಲು ಸೇರಿಸಲಾ?" ಎಂದೆ ನಾನು.

"ಅಲ್ಲಿಗೆ ಯಾರು ಹೊಡೀತಾರ್ರೀ? ಅತಿಥಿಗಳು ಬರೋ ಹೊತ್ತು, ಮೊದಲು ಕುರ್ಚಿ ಹಾಕ್ಸಿ."

ನಾನು ಕುರ್ಚಿ ಹಾಕಿಸಲು ಹೋದೆ. ಸುಣ್ಣದಣ್ಣ ಗೆರೆ ಎಳೆದು ಬಂದು, ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ ಮಗಳಿಗೆ ಕಾರ್ಯದರ್ಶಿಯ ಅಪ್ಪಣೆಯಿಂದಲೇ ಎಳೆದ ವಿಷಯ ತಿಳಿಸಿದ. ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆಲ್ಲುವ ಆಟದಲ್ಲಿ, ಹದಿನೇಳಕ್ಕೆ ಬರುವಾಗ ಅವಳು ಒಂದು ಹೊಡೆತ ಮುಂದಿದ್ದಳು. ಹಿಂದೆ ಇದ್ದವಳು ಬಟ್ಟೆ ಗಿರಣಿಯ ಒಡೆಯರ ಸೊಸೆ. ಮಗಳ ಚೆಂಡು ಉರುಳಿ ಉರುಳಿ ನೇರ ಆ ಗೆರೆಯೊಳಗೇ ಹೋಗಿ ಕೂತಿತು. ಗ್ರಹಚಾರ ಎನ್ನಬೇಕೇ? ನಾನು ಅನ್ನುವುದಿಲ್ಲ. ಅವಳು ಅಪ್ಪನ ಗೆರೆ ನೋಡಿದಳು, ಚೆಂಡು ಎತ್ತಿದಳು, ಆಚೆ ಹಾಕಿಕೊಂಡು ಹೊಡೆದಳು. ಹದಿನೆಂಟೂ ಮುಗಿದಾಗ ಒಂದು ಹೊಡೆತದಿಂದ ಗೆದ್ದಳು.

ಗಿರಣಿಯ ಸೊಸೆ ದೂರು ಕೊಟ್ಟಳು. ನಾಲ್ಕನೇ ನಿಯಮದ ಮೇಲೆ ಬೆರಳಿಟ್ಟು, ಇಲ್ಲಿ ಗೂಟ ಎಲ್ಲಿದೆ ಎಂದು ಕೇಳಿದಳು. ಅಪ್ಪಣೆಯಿಲ್ಲದ ಗೆರೆಯಾದರೆ ಎರಡು ಹೊಡೆತದ ದಂಡ, ಅಂದರೆ ಗೆಲುವು ಅತ್ತ.

ಸಮಿತಿ ಕೋಣೆಯಲ್ಲಿ ಕೂತಿತು. ಸುಣ್ಣದಣ್ಣನನ್ನೂ ಮಗಳನ್ನೂ ಕರೆಸಿದರು. ನಡಾವಳಿ ಬರೆದುಕೊಳ್ಳಲು ನನ್ನನ್ನು ಮೂಲೆಯಲ್ಲಿ ಕೂರಿಸಿದರು. ಅಧ್ಯಕ್ಷರು ಕಾರ್ಯದರ್ಶಿಯನ್ನು ಕೇಳಿದರು, "ನೀವು ಅಪ್ಪಣೆ ಕೊಟ್ಟಿದ್ರಾ?"

ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿಕೊಂಡರು. ಗಿರಣಿಯ ಒಡೆಯರು ಎದುರಿನ ಕುರ್ಚಿಯಲ್ಲೇ ಇದ್ದರು.

"ಬೆಳಿಗ್ಗೆ ಗಡಿಬಿಡಿ ನೋಡಿ. ಹಾಗೆ ಹೇಳಿದ ನೆನಪಿಲ್ಲ." ಆಮೇಲೆ ಸುಣ್ಣದಣ್ಣನತ್ತ ತಿರುಗಿದರು. "ನೀನೇ ಹೇಳಪ್ಪ, ನಾನು ಹೇಳಿದ್ನಾ?"

ದನಿ ಬೆಣ್ಣೆಯಂತಿತ್ತು. ಕಣ್ಣು ಹಾಗಿರಲಿಲ್ಲ.

"ಅಪ್ಪನ್ನ ಕೇಳಿ ಸಾರ್," ಎಂದಳು ಮಗಳು ಧೈರ್ಯವಾಗಿ. "ಅವರು ಬೆಳಿಗ್ಗೇನೇ ನನಗೆ ಹೇಳಿದ್ರು. ನಮ್ಮಪ್ಪ ಸುಳ್ಳು ಹೇಳಲ್ಲ."

 ಸುಣ್ಣದಣ್ಣ ಒಮ್ಮೆ ನನ್ನ ಕಡೆ ನೋಡಿದ. ನಾನು ಕಾಗದ ನೋಡಿದೆ. ನನಗೂ ನೌಕರಿಯಿತ್ತು, ಮನೆಯಿತ್ತು, ಮಕ್ಕಳಿದ್ದರು. ಹೇಡಿಗೆ ಕಾರಣಗಳಿಗೇನು ಬರವೇ?

"ಯಾರೂ ಹೇಳಿಲ್ಲ ಸಾರ್," ಎಂದ. "ಅಭ್ಯಾಸಬಲ. ನಾನೇ ಎಳೆದುಬಿಟ್ಟೆ."

ನಾನು ಅದನ್ನು ಬರೆದುಕೊಂಡೆ. ಅಕ್ಷರ ದುಂಡಗೇ ಬಂತು ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಮಗಳು ಅಳಲಿಲ್ಲ, ಕೂಗಾಡಲಿಲ್ಲ. ಅಪ್ಪನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ತಿದ್ದಿದ ಅಂಕದ ಚೀಟಿಗೆ ಸಹಿ ಹಾಕಿ ಎದ್ದು ಹೋದಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಆಳುಗಳೆಲ್ಲ ಲೊಚಗುಟ್ಟಿದರು. ತುತ್ತು ತಾನಾಗಿ ಜಾರಲಿಲ್ಲ, ಕೈಗೆ ಹೊಡೆದು ಬೀಳಿಸಿದ್ದು. ಗೆದ್ದ ಸೊಸೆಗೆ ಮಕ್ಕಳಿಗೆ ಆಟ ಕಲಿಸುವ ಕೆಲಸ ಯಾಕೆ ಬೇಕು? ಬೇಡವೆಂದಳು. ಆ ಹುದ್ದೆ ಇವತ್ತಿಗೂ ಖಾಲಿಯಿದೆ. ಮುಂದಿನ ಪಂದ್ಯಾವಳಿಗೆ ಕಾರ್ಯದರ್ಶಿ ಇನ್ನೊಂದು ನಿಯಮ ಸೇರಿಸಿದರು: ಮೈದಾನದ ಆಳುಗಳ ಮಾತನ್ನು ಆಟಗಾರರು ನಂಬತಕ್ಕದ್ದಲ್ಲ. ಅದನ್ನೂ ನಾನೇ ಟೈಪ್ ಮಾಡಿದೆ.

ಸುಣ್ಣದಣ್ಣ ಉಳಿದ ಎರಡು ವರ್ಷ ದುಡಿದು ಶಾಲು ಹೊದೆಸಿಕೊಂಡು ಹೋದ. ಈಗ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಮಗಳು ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಕಾಲಳತೆ ತೆಗೆಯುತ್ತಾಳೆ. ಅಪ್ಪನಿಗೆ ಹೊತ್ತು ಹೊತ್ತಿಗೆ ಊಟ, ಮಾತ್ರೆ ಎಲ್ಲ ಕೊಡುತ್ತಾಳೆ. ಆ ದಿನದ ಮಾತು ಮಾತ್ರ ಎತ್ತುವುದಿಲ್ಲ. ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಅವನೇ ನನ್ನ ಹತ್ತಿರ ಅತ್ತಿದ್ದಾನೆ.

ಹೋದ ವಾರ ಅವನನ್ನು ನೋಡಲು ಹೋದೆ. ಮಲಗಿದ್ದ. ಹೊರಡುವಾಗ ಮಗಳು ಬಾಗಿಲವರೆಗೆ ಬಂದಳು.

"ಚಿಕ್ಕಪ್ಪ, ಆವತ್ತು ಬೆಳಿಗ್ಗೆ ಉಗ್ರಾಣದ ಹತ್ರ ನೀವೂ ಇದ್ರಂತೆ?"

ಸುಳ್ಳು ಹೇಳುವುದಕ್ಕೂ ಯೋಗ್ಯತೆ ಬೇಕು. "ಇದ್ದೆ," ಎಂದೆ.

"ಸಮಿತಿಯ ಪುಸ್ತಕದಲ್ಲಿ ಅಪ್ಪ ಹೇಳಿದ್ದನ್ನ ಹಾಗೇ ಬರ್ಕೊಂಡ್ರಾ?"

"ಹ್ಞೂಂ."

"ಹಾಗಾದ್ರೆ ಅದೇ ನಿಜ ಬಿಡಿ," ಎಂದು, ನಾನು ಚಪ್ಪಲಿ ಹಾಕಿಕೊಳ್ಳುವ ಮೊದಲೇ ಬಾಗಿಲು ಹಾಕಿಕೊಂಡಳು.