ಬೋಟು ಬಂದ ದಿನದ ಪಾಠ

ಬೆಳಗ್ಗೆ ಆರೂ ಮುಕ್ಕಾಲು. ಬಂದರಿನಿಂದ ನದಿಯಾಚೆಯ ಬೆಂಗ್ರೆಗೆ ಹೊರಟ ಫೆರಿಯಲ್ಲಿ ಸ್ವರ್ಣಲತಾ ಟೀಚರ್ ಎರಡು ಕಟ್ಟು ನೋಟ್‌ಬುಕ್ ಹಿಡಿದು ನಿಂತಿದ್ದಾರೆ. ಒಂದು ಅವರ ನಾಲ್ಕನೆಯ ತರಗತಿಯದು. ಇನ್ನೊಂದು ಐದನೆಯದು, ವಿಲ್ಲಿ ಮಾಸ್ಟ್ರ ತರಗತಿಯದು. ವಿಲ್ಲಿ ತೀರಿಕೊಂಡು ಎಂಟು ದಿನವಾಗಿದೆ. ಇಗರ್ಜಿಯಲ್ಲಿ ಪಾದ್ರಿಗಳು ನಡೆಸಿದ ಏಳನೆಯ ದಿನದ ಪೂಜೆ ನಿನ್ನೆ ಮುಗಿದಿದೆ. ಇಂದು ಎಲ್ಲರಿಗೂ ಮಾಮೂಲಿ ದಿನ. ವಿಲ್ಲಿ ನನ್ನ ಗಂಡ. ಈ ಟೀಚರ ಬಗ್ಗೆ ನಿನ್ನ ಪತ್ರಿಕೆಯಲ್ಲಿ ಬರೆ ಎಂದು ಎರಡು ವರ್ಷದಿಂದ ಹೇಳುತ್ತಿದ್ದರು. ನಾನು ಬರೆದಿರಲಿಲ್ಲ.

ಫೆರಿ ನಡೆಸುವ ಉಬೈದ್ ನನ್ನನ್ನು ಕಂಡು ಮೊದಲು ಇಂಜಿನಿನ ಕಡೆ ತಿರುಗುತ್ತಾರೆ. ಆಮೇಲೆ ತಡೆಯುವುದಿಲ್ಲ.

“ಟೀಚರೇ, ನಿಮ್ಮ ಸ್ವರ ಎಂತ ಮಾರಾಯ್ರೆ, ನನ್ನ ಇಂಜಿನಿಗಿಂತ ಕಡೆ ಆಗಿದೆ.”

“ನಿಮ್ಮ ಇಂಜಿನನ್ನು ರಿಪೇರಿಗೆ ಬಿಡ್ಲಿಕ್ಕೆ ಆಗ್ತದೆ ಉಬೈದಾಕ. ನನ್ನನ್ನು ಯಾರು ಬಿಡ್ತಾರೆ?”

ಟೀಚರ ಗಂಟಲಲ್ಲಿ ಗಂಟು ಬೆಳೆದಿದೆ. ಆರು ವಾರ ಮಾತಾಡಬೇಡಿ, ಮಾತಾಡಿದರೆ ಸ್ವರ ವಾಪಸ್ ಬರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅಷ್ಟು ರಜೆ ಅವರಲ್ಲಿಲ್ಲ. ಇದ್ದದ್ದು ತಮಗೇ ಕೊರೊನಾ ಬಂದು ಮಲಗಿದಾಗ ಮುಗಿದಿದೆ.

ವಯಸ್ಸು ನಲವತ್ತೇಳು. ಉರ್ವದಲ್ಲಿ ತಾಯಿಯೊಂದಿಗೆ ಇದ್ದಾರೆ. ಬೆಂಗ್ರೆಯ ಈ ಶಾಲೆಯಲ್ಲಿ ಇಪ್ಪತ್ತೊಂದು ವರ್ಷ. ಕೊರೊನಾದಲ್ಲಿ ಶಾಲೆ ಮುಚ್ಚಿ ಪಾಠ ಫೋನಿಗೆ ಬಂದಾಗ ಅವರ ತರಗತಿಯಲ್ಲಿ ಮೂವತ್ತೆಂಟು ಮಕ್ಕಳಿದ್ದರು. ಫೋನು ಮನೆಯಲ್ಲೇ ಉಳಿಯುತ್ತಿದ್ದದ್ದು ಒಂಬತ್ತು ಮಕ್ಕಳಿಗೆ ಮಾತ್ರ. ಉಳಿದವರದು ಅಪ್ಪನ ಫೋನು. ಅದು ಅಪ್ಪನ ಜತೆ ಕಡಲಿಗೆ ಹೋಗುತ್ತಿತ್ತು.

ಹಾಗಾಗಿ ಬೋಟು ಬಂದಾಗ ಪಾಠ. ಬೆಳಗ್ಗೆ ಐದಕ್ಕೆ ಒಬ್ಬಳು, ಮಧ್ಯಾಹ್ನ ಇಬ್ಬರು, ಸಂಜೆ ಮೂವರು. ಒಂದೇ ಪಾಠ ದಿನಕ್ಕೆ ಹತ್ತು ಹನ್ನೊಂದು ಸಲ. ಶುಕ್ರವಾರ ಬ್ಯಾರಿ ಮುಸ್ಲಿಮರ ಬೋಟು ಕಡಲಿಗೆ ಇಳಿಯುವುದಿಲ್ಲ, ಆ ಮನೆಗಳ ಫೋನು ಅಂದು ಸಿಗುತ್ತದೆ. ಭಾನುವಾರ ಉಳಿದವರದು. ಮಳೆಗಾಲದ ಎರಡು ತಿಂಗಳು ಮೀನು ಹಿಡಿಯಲಿಕ್ಕಿಲ್ಲ. ಎಲ್ಲ ಫೋನುಗಳೂ ಮನೆಯಲ್ಲಿ, ಟೀಚರಿಗೆ ಊಟಕ್ಕೂ ಬಿಡುವಿಲ್ಲ. ಬೇಸಗೆ ರಜೆಯೂ ದಸರಾ ರಜೆಯೂ ಹೀಗೇ ಹೋದವು.

“ಯಾದವಣ್ಣ ಮೀನಿನ ಕೈಯಲ್ಲೇ ಫೋನು ಹಿಡ್ಕೊಂಡು ನಿಲ್ತಿದ್ರು, ಮಗಳು ಪಾಠ ಕೇಳ್ಲಿ ಅಂತ. ಇವತ್ತು ನನಗೆ ರಜೆ ಅಂತ ಅವರಿಗೆ ಹೇಗೆ ಹೇಳುದು?”

ಟೀಚರ್ ಕಟ್ಟುಗಳನ್ನು ಕೆಳಗಿಟ್ಟು ಮುಂದುವರಿಸುತ್ತಾರೆ. “ಕೊನೆಕೊನೆಗೆ ಫೋನ್ ರಿಂಗ್ ಆದ್ರೆ ಸಿಟ್ಟು ಬರ್ತಿತ್ತು, ಅದೂ ಮಕ್ಕಳ ಮೇಲೆ. ಈಗ ಸಿಟ್ಟೂ ಬರುದಿಲ್ಲ. ಎಂತದೂ ಬರುದಿಲ್ಲ.”

ನಾನು ಬರೆದುಕೊಳ್ಳುತ್ತೇನೆ.

ರಜೆಯಲ್ಲಿ ಮಾಡಿದ ಕೆಲಸಕ್ಕೆ ಬದಲಿ ರಜೆ ಕೊಡಲು ಶಾಲೆಯ ಆಡಳಿತದವರು ಈಗ ಒಪ್ಪಿದ್ದಾರೆ. ಪ್ರತಿ ದಿನದ ತಾರೀಕು ಬೇಕು, ಜತೆಗೆ ಪಾಠ ಮಾಡಿದ ಇನ್ನೊಬ್ಬ ಶಿಕ್ಷಕರ ಸಹಿ ಬೇಕು. ಅರ್ಜಿಗೆ ಶುಕ್ರವಾರ ಕೊನೆಯ ದಿನ. ಟೀಚರ್ ಒಂದು ಪುಸ್ತಕ ಇಟ್ಟಿದ್ದರು. ರಜೆಯ ದಿನಕ್ಕೊಂದರಂತೆ ಐವತ್ತೆಂಟು ಪುಟ. “ಯಾದವಣ್ಣನ ಬೋಟು ಬಂತು. ಭಾಗಾಕಾರ.” “ಝಕರಿಯಾನ ಅಪ್ಪ ಬರಲಿಲ್ಲ. ಕಾದೆ.” ಒಂದು ಪುಟದಲ್ಲೂ ತಾರೀಕಿಲ್ಲ.

“ಆಗ ತಾರೀಕು ಯಾರಿಗೆ ನೆನಪಿತ್ತು? ಬೋಟು ಬಂದ ದಿನ ಪಾಠ, ಅಷ್ಟೆ. ನೀವು ಟೀಚರಾ, ದಕ್ಕೆಯಲ್ಲಿ ಬೋಟಿನ ಲೆಕ್ಕ ಬರೆಯುವ ರೈಟರಾ ಅಂತ ಮಾಸ್ಟ್ರು ತಮಾಷೆ ಮಾಡಿದ್ರು.”

ಟೀಚರ ಜತೆ ಅದೇ ಮಕ್ಕಳಿಗೆ ಫೋನಿನಲ್ಲಿ ಪಾಠ ಹೇಳಿಕೊಡುತ್ತಿದ್ದವರು ವಿಲ್ಲಿ ಒಬ್ಬರೇ. ಅವರ ಫೋನಿನಲ್ಲಿ ಹಳೆಯ ಮೆಸೇಜುಗಳಿದ್ದವು. ತಾಳೆ ನೋಡಿ ತಾರೀಕು ಬರೆದು ಸಹಿ ಹಾಕಿ ಕೊಡುತ್ತೇನೆಂದು ಹೋದ ತಿಂಗಳು ಪುಸ್ತಕವನ್ನು ಮನೆಗೆ ತಂದಿದ್ದರು. ಟೀಚರ್ ನನ್ನಲ್ಲಿ ಅದನ್ನು ಕೇಳಿಲ್ಲ. ಸಾವಿನ ಮನೆಯಲ್ಲೂ ಕೇಳಲಿಲ್ಲ, ಇಂದು ಫೆರಿಯಲ್ಲೂ ಕೇಳಲಿಲ್ಲ.

ಮಧ್ಯಾಹ್ನದವರೆಗೆ ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಪಾಠ ಮಾಡುತ್ತಾರೆ. ಹಿಂದಿನ ಬೆಂಚಿನವರಿಗೆ ಕೇಳಿಸುವುದಿಲ್ಲ. ಮತ್ತೊಮ್ಮೆ ಹೇಳುತ್ತಾರೆ.

ಊಟದ ಬಿಡುವಿನಲ್ಲಿ ನಾನು ಪುಸ್ತಕವನ್ನು ಅವರ ಮುಂದಿಡುತ್ತೇನೆ. ಅವರು ಕೈ ಒರೆಸಿಕೊಂಡು ಪುಟ ತಿರುವುತ್ತಾರೆ. ಪುಟದ ಮೇಲ್ಗಡೆ ತಾರೀಕು, ಕೆಳಗೆ ವಿಲ್ಲಿಯ ಸಹಿ. ಇಪ್ಪತ್ತಮೂರನೆಯ ಪುಟದವರೆಗೆ ಇದೆ. ಆಮೇಲೆ ಇಲ್ಲ. ತಾರೀಕುಗಳನ್ನು ಫೋನು ನೋಡಿ ನಾನೂ ಬರೆಯಬಹುದು. ಸಹಿ ಹಾಕಲು ಯಾರೂ ಉಳಿದಿಲ್ಲ.

ಮುಖ್ಯೋಪಾಧ್ಯಾಯಿನಿ ಆಗ್ನೆಸ್ ಬಾಯಿಯವರು ಪುಸ್ತಕದ ಮೇಲೆ ಬಗ್ಗಿ ನೋಡುತ್ತಾರೆ. “ಕೊಡಿ ಇಲ್ಲಿ, ಉಳಿದದ್ದಕ್ಕೆ ನಾನು ಸೈನ್ ಹಾಕ್ತೇನೆ. ಯಾರು ನೋಡ್ಲಿಕ್ಕೆ ಉಂಟು?”

“ನೀವು ಆ ಪಾಠದಲ್ಲಿ ಇರ್ಲಿಲ್ಲ ಅಲ್ವಾ ಬಾಯಿ. ಬೇಡ.”

“ಡಾಕ್ಟರು ಆರು ವಾರ ಹೇಳಿದ್ದು ಮಾರಾಯ್ರೆ!”

“ಇಪ್ಪತ್ತಮೂರು ದಿನ ಬಾಯಿ ಮುಚ್ಚಿ ಕೂತ್ಕೊಳ್ತೇನೆ. ಉಳಿದ ದಿನ ಮೆಲ್ಲ ಮಾತಾಡ್ತೇನೆ,” ಎನ್ನುತ್ತಾರೆ ಸ್ವರ್ಣಲತಾ ಟೀಚರ್. “ಕೇಳದಿದ್ರೆ ಮಕ್ಕಳು ಹತ್ತಿರ ಬಂದು ಕೂತ್ಕೊಳ್ಳಲಿ. ಫೋನಿನ ಪಾಠ ಅಲ್ಲ, ಈಗ ಬರ್ಲಿಕ್ಕೆ ಆಗ್ತದಲ್ಲ.”