ಮುತ್ತತ್ತಿ ಕಾಡಿನಲ್ಲಿ ನರ್ಸಮ್ಮ

ನರ್ಸಮ್ಮನ ಸೀರೆ ಯಾವಾಗಲೂ ಹಿಮ್ಮಡಿಗಿಂತ ಒಂದು ಗೇಣು ಮೇಲಿರುತ್ತಿತ್ತು. ಬೀದಿಯ ಹೆಂಗಸರು ಮೂಗು ಮುರಿದರೆ, 'ನೆಲ ಗುಡಿಸೋ ಸೀರೆ ಉಟ್ರೆ ನಿಮ್ ಬಾಣಂತೀರ ತಾವಕ್ಕೆ ಓಡೋರ್ಯಾರು?' ಎಂದು ಬಾಯಿ ಮುಚ್ಚಿಸುತ್ತಿದ್ದರು. ಮಳವಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ಕೆಲಸ. ಊರು ಯಾವುದೋ, ಬಳಗ ಯಾವುದೋ, ನಮ್ಮ ಬೀದಿಯ ಕೊನೆ ಮನೆಯಲ್ಲಿ ಒಂಟಿ ವಾಸ. ಯಾವ ಹೊತ್ತಿನಲ್ಲಿ ಬಾಗಿಲು ಬಡಿದರೂ 'ನಡೀರಿ, ಬಂದೆ' ಅನ್ನುತ್ತಿದ್ದರು. ಹೆರಿಗೆಯಾದ ಮೇಲೆ ನಾಮಕರಣಕ್ಕೆ ಮಾತ್ರ ಅವರನ್ನು ಕರೆಯುವ ನೆನಪು ಯಾರಿಗೂ ಆಗುತ್ತಿರಲಿಲ್ಲ. ಎಂಥಾ ಜನವಪ್ಪಾ ನಾವು!

ಯುಗಾದಿ ಕಳೆದ ಮೇಲೆ ನಮ್ಮ ಬೀದಿಯ ಹೆಂಗಸರು ಗಾಡಿ ಕಟ್ಟಿಸಿಕೊಂಡು ಮುತ್ತತ್ತಿ ಕಾಡಿಗೆ ಹೋಗುವುದಿತ್ತು. ಈಗ ಅಲ್ಲಿ ಗೇಟು, ಬೋರ್ಡು ಎಲ್ಲ ಬಂದಿವೆ. ಆಗ ಬರೀ ಕಾಡು ಮತ್ತು ಕಾವೇರಿ. ಯುದ್ಧದ ಕಾಲ, ಅಕ್ಕಿಗೆ ಪರದಾಟ. ಆದರೂ ಹೊಂಗೆ ಚಿಗುರಿತೆಂದರೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಹೊರಟೇಬಿಡುತ್ತಿದ್ದೆವು. ನನ್ನ ಮದುವೆ ನಿಶ್ಚಯವಾದ ವರ್ಷ, ನನ್ನ ಕಾಟ ತಡೆಯಲಾರದೆ ನರ್ಸಮ್ಮನೂ ಬಂದರು.

ನಮ್ಮ ಕಡೆ ಕಾಡಿನೊಳಗೆ ಹೆಸರು ಹಿಡಿದು ಕೂಗುವಂತಿಲ್ಲ, ಗಾಳಿ ಮೆಟ್ಟಿಕೊಳ್ಳುತ್ತದೆ ಎಂದು ಭಯ. 'ಕೂ' ಅನ್ನಬೇಕು, ಕೇಳಿಸಿಕೊಂಡವರು ತಿರುಗಿ 'ಕೂ' ಅನ್ನಬೇಕು. ಅವತ್ತು ವಾಪಸು ಹೊರಡುವ ಹೊತ್ತಿಗೆ ನೋಡಿದರೆ ನರ್ಸಮ್ಮ ಇಲ್ಲ. ಎಲ್ಲರೂ ಸೇರಿ ಕೂಗಿದೆವು. ಉತ್ತರವಿಲ್ಲ. ಆನೆ ತಿರುಗುವ ಜಾಗ ಬೇರೆ.

'ಅಯ್ಯೋ, ನಮ್ ಸೊಸೆಗೆ ದಿನ ತುಂಬವೆ ಕಣ್ರವ್ವಾ! ಈಯಮ್ಮ ಇಲ್ದಿದ್ರೆ ಎಂಗೆ?' ಎಂದು ಪಕ್ಕದ ಮನೆಯಾಕೆ ಗೋಳಾಡಿದರು. ನನಗೆ ಮೈಯೆಲ್ಲ ಉರಿಯಿತು.

'ನಿಮ್ ಸೊಸೆ ಇಚಾರ ಅತ್ಲಾಗಿರ್ಲಿ ಬುಡಿ!' ಎಂದು ಒಬ್ಬಳೇ ಹೊಳೆಯ ಕಡೆ ನುಗ್ಗಿದೆ.

ಮತ್ತಿಮರದ ಹಿಂದೆ ಕಾಲು ಚಾಚಿ ಆರಾಮಾಗಿ ಕೂತಿದ್ದರು!

'ಕೂಗಿದ್ದು ಕೇಳ್ಲಿಲ್ವಾ ನಿಮ್ಗೆ?' ಎಂದು ರೇಗಿದೆ.

'ಕೇಳ್ತು ಕಣವ್ವಾ.'

'ಮತ್ತೆ?'

'ಯಾರ್ಗೂ ನೋವು ಬರ್ದಿದ್ರೂ ನನ್ನ ಉಡುಕ್ಕಂಡು ಬತ್ತಾರಾ ಅಂತ ನೋಡ್ತಿದ್ದೆ.'

ನಗುತ್ತಲೇ ಅಂದರು. ನನಗೆ ಅಳು ತಡೆಯಲಾಗಲಿಲ್ಲ. 'ಬಂದ್ನಲ್ಲಾ, ಏಳಿ ಮೇಲೆ' ಎಂದು ಕೈ ಹಿಡಿದು ಎಬ್ಬಿಸಿದೆ. ಊರು ಬರುವವರೆಗೂ ಅವರು ನನ್ನ ಕೈ ಬಿಡಲಿಲ್ಲ.

ಮದುವೆಯಾಗಿ ಮದ್ದೂರಿಗೆ ಬಂದೆ. ಸ್ವಾತಂತ್ರ್ಯ ಬಂದ ವರ್ಷ, ಕಾಯಿಲೆ ಬಿದ್ದ ನರ್ಸಮ್ಮನನ್ನು ಮಂಡ್ಯದ ಆಸ್ಪತ್ರೆಗೆ ಸೇರಿಸಿದ್ದಾರೆಂದು ತವರಿನಿಂದ ಸುದ್ದಿ ಬಂತು. ಅದರ ಜೊತೆಗೇ, ಇನ್ನು ಹೆರಿಗೆಗೆ ಯಾರನ್ನು ಕರೆಯುವುದು ಎಂಬ ಬೀದಿಯವರ ಚಿಂತೆ! ರೈಲು ಹತ್ತಿ ಓಡಿದೆ. ಅವರಿಗೆ ಪ್ರಜ್ಞೆ ಇರಲಿಲ್ಲ. ಸಂಜೆಗೆ ತೀರಿಕೊಂಡರು.

ಆಸ್ಪತ್ರೆಯ ಜವಾನ ಬಾಗಿಲಲ್ಲಿ ನಿಂತು, 'ಇವ್ರ ಕಡೆಯೋರು ಯಾರಿದ್ದೀರಿ?' ಎಂದ.

'ನಾನಿವ್ನಿ' ಅಂದೆ.

'ನಿಮ್ಗೇನಾಗ್ಬೇಕು?'

'ನಾನು ಉಟ್ಟಿದಾಗ ಮೊದ್ಲು ಎತ್ಕಂಡೋರು ಇವ್ರು. ಏನಾಗ್ಬೇಕು ಅಂತ ನೀನೇ ಯೋಳಪ್ಪಾ.'