ಹೊಸಬಳಿಗೆ ಕೊಟ್ಟ ಪಕ್ಷ

ಎಪ್ಪತ್ತರ ದಶಕದ ಕೊನೆಗೆ ನಾನು ಖಾನಾಪುರದ ಒಂದು ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಗೆ ಇತಿಹಾಸ ಕಲಿಸುತ್ತಿದ್ದೆ. ಮನೆ ಬೆಳಗಾವಿಯ ವಡಗಾವಿಯಲ್ಲಿ, ದಿನಾ ಲೋಂಡಾ ಕಡೆಯ ರೈಲಿನಲ್ಲಿ ಓಡಾಟ. ಇಸವಿಗಳನ್ನು ಬಾಯಿಪಾಠ ಮಾಡಿಸಿ ನನಗೇ ಬೇಸರ ಬಂದಿತ್ತು. ಅಪ್ಪನ ಮಗ್ಗದಲ್ಲಿ ಉಳಿದ ತುಂಡುಬಟ್ಟೆಯ ಮೇಲೆ ಕಿತ್ತೂರಿನ ಕೋಟೆ, ಸುತ್ತಲ ಹಾದಿ, ಹಳ್ಳ ಬರೆದು ಒಂದು ಯುದ್ಧದಾಟ ಮಾಡಿದೆ. ಕವಡೆ ಎಸೆದು ನಡೆಸುವ ಆಟ. ಕಿತ್ತೂರಿನವರಿಗೆ ಇಪ್ಪತ್ತು ಹುಣಸೆಬೀಜ. ಇಂಗ್ಲಿಷರಿಗೆ ನಲವತ್ತು, ಮೇಲೆ ತೋಪುಗಳೆಂದು ಆರು ಗಜ್ಜುಗ. ಯಾವ ಪಕ್ಷವೇ ಇರಲಿ, ಹೊಸಬರಿಗೆ ಸುಲಭವಾಗಲೆಂದು ಒಂದು ಎಸೆತ ಹೆಚ್ಚು.

ಮೊದಲ ದಿನವೇ ಜಗಳ. ಎಲ್ಲರಿಗೂ ಕಿತ್ತೂರೇ ಬೇಕು. ಒಂದೊಂದು ಆಟ ಮುಗಿದಾಗಲೂ ಎಳೆದಾಟ ನೋಡಿ ನನಗೆ ರೇಗಿಹೋಯಿತು. ಗೆದ್ದವರು ಸೋಲುವ ತನಕ ಪಕ್ಷ ಬದಲಿಸುವಂತಿಲ್ಲ ಎಂದು ನಿಯಮ ಹೊರಡಿಸಿದೆ.

ಆಗ ಸೇರಿದವಳು ಒಬ್ಬ ಹುಡುಗಿ. ಕಿತ್ತೂರ ರಾಣಿಯ ತವರಾದ ಕಾಕತಿಯವಳು, ಅಪ್ಪನ ಕೆಲಸಕ್ಕಾಗಿ ಖಾನಾಪುರಕ್ಕೆ ಬಂದಿದ್ದಳು. ಒಂದು ವರ್ಷ ಶಾಲೆ ಬಿಟ್ಟು ಮನೆಯಲ್ಲಿ ಕೂತವಳನ್ನು ಅವ್ವ ಹಟ ಹಿಡಿದು ಮತ್ತೆ ಕಳಿಸಿದ್ದಳು. ಈ ಸಲ ಬಿಟ್ಟರೆ ಮುಗಿಯಿತೆಂದು ಅಪ್ಪ ನನ್ನೆದುರೇ ಹೇಳಿದ್ದ. ನಾನು ಅವಳಿಗೆ ಇಂಗ್ಲಿಷರ ಪಕ್ಷ ಕೊಟ್ಟೆ. ಸುಲಭವೆಂದು ಕೊಟ್ಟೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಅದನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ.

ಅವಳು ಗೆದ್ದಳು. ಮರುದಿನವೂ ಗೆದ್ದಳು. ನಾನು ಬೆನ್ನು ತಟ್ಟಿದೆ. ಉಳಿದವರು ಅವಳನ್ನು 'ದೊರೆಸಾನಿ' ಎಂದು ಕರೆಯತೊಡಗಿದ್ದು, ಊಟದ ಹೊತ್ತಿಗೆ ಅವಳು ಒಬ್ಬಳೇ ಕೂರುತ್ತಿದ್ದುದು ನನ್ನ ಕಣ್ಣಿಗೆ ಬೀಳಲಿಲ್ಲ. ಎರಡನೆಯ ವಾರ ಅವಳ ಜಾಗ ಖಾಲಿಯಾಯಿತು.

ಶುಕ್ರವಾರ ಹೆಡ್‌ಮಾಸ್ತರರು ಹಾಜರಿ ಪುಸ್ತಕ ಮುಂದಿಟ್ಟು, "ನಾಳೆ ಬರದಿದ್ರ ಹೆಸರು ತಗೀತೀನ್ರಿ" ಎಂದರು. ಶಾಲೆ ಬಿಟ್ಟ ಕೂಡಲೇ ಅವಳ ಮನೆಗೆ ನಡೆದೆ.

"ಬರ್ರಿ ಬಾಯಾರ, ಕುಂದರ್ರಿ," ಎಂದಳು ಅವ್ವ. "ಇಕಿ ಯಾಕ ಒಲ್ಲೆ ಅಂತಾಳೋ ತಿಳೀವಲ್ದು. ಅವರಪ್ಪಗ ಇನ್ನೂ ಹೇಳಿಲ್ಲ ನಾ."

ಹುಡುಗಿ ಗೋಡೆಗೆ ಆತು ನಿಂತಿದ್ದಳು. "ನಮ್ಮೂರ ಮಗಳ ಕೋಟಿ ನಾನ ಕೆಡವೀನಿ ಅಂತಾರ್ರಿ. ಸೋಲಾಕ ನೋಡಿದ್ನಿರಿ. ಆಗಲಿಲ್ಲ. ಎಷ್ಟು ಬೀಜ ಕಳಕೊಂಡ್ರೂ ಇನ್ನೂ ಉಳೀತಿದ್ವು."

ನನ್ನ ಮೇಲೆ ನನಗೇ ಅಸಹ್ಯವಾಯಿತು. "ನಾಳೆ ಬಾರವ್ವಾ, ಕಿತ್ತೂರ ನಿನಗ," ಎಂದೆ. "ಕಷ್ಟ ಐತಿ. ಹೆಚ್ಚಿನ ಎಸೆತಾನೂ ಕೊಡಂಗಿಲ್ಲ."

"ಗೆದ್ದವರು ಬದಲಿಸೂ ಹಂಗಿಲ್ಲಲ್ರಿ?"

"ನಿಯಮ ಮಾಡಿದಾಕಿ ನಾನು. ತಪ್ಪು ನಂದು."

ಅವಳು ತಿರುಗಿ ಒಳಗೆ ಹೋದಳು.

ಶನಿವಾರ ಬೆಳಗಿನ ಶಾಲೆ. ಹೆಡ್‌ಮಾಸ್ತರರು ಬಾಗಿಲಲ್ಲೇ ನಿಂತಿದ್ದರು. ನಾನು ಹಾಜರಿಯನ್ನು ಬೇಕೆಂದೇ ನಿಧಾನವಾಗಿ ಕೂಗಿದೆ. ಅವಳ ಹೆಸರು ಕೊನೆಯ ಸಾಲಿನಲ್ಲಿತ್ತು. ಒಮ್ಮೆ ಕೂಗಿದೆ, ಉತ್ತರವಿಲ್ಲ. ಇನ್ನೊಮ್ಮೆ ಕೂಗುವಷ್ಟರಲ್ಲಿ ಹೆಡ್‌ಮಾಸ್ತರರ ಬೆನ್ನ ಹಿಂದಿನಿಂದ, "ಹಾಜರ್ರಿ," ಎಂದು ಕೇಳಿತು. ಓಡಿ ಬಂದು ಏದುಸಿರು ಬಿಡುತ್ತಿದ್ದಳು.

ಶಾಲೆ ಬಿಟ್ಟ ಮೇಲೆ ಬಟ್ಟೆ ಹಾಸಿದೆ. ಇಪ್ಪತ್ತು ಬೀಜ ಅವಳ ಮುಂದಿಟ್ಟು, ನಲವತ್ತನ್ನು ಹಿಡಿದು ನಾನೇ ಎದುರು ಕೂತೆ. ಕರುಣೆಗೆ ಸೋಲಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಅವಳ ಬೀಜಗಳು ಕರಗುತ್ತಾ ಬಂದಂತೆ ಮಕ್ಕಳು ಒಬ್ಬೊಬ್ಬರಾಗಿ ಅವಳ ಬದಿಗೆ ಸರಿದರು. ದೊರೆಸಾನಿ ಎಂದು ಹೆಸರಿಟ್ಟವಳೇ ಅವಳ ಕವಡೆಗೆ ಉಫ್ ಎಂದು ಊದಿಕೊಟ್ಟಳು. ಕೊನೆಯ ಮೂರು ಬೀಜಗಳೊಂದಿಗೆ ಕೋಟೆ ಬಿತ್ತು.

"ಮತ್ತೊಮ್ಮೆ ಆಡು, ನಾ ನಿನ್ನ ಬಾಜೂಕ ಕುಂದರತೀನಿ," ಎಂದಳು ಕವಡೆಗೆ ಊದಿದವಳು.

ಗೆದ್ದವಳು ನಾನು, ಪಕ್ಷ ಬದಲಿಸುವಂತಿರಲಿಲ್ಲ. ತಲೆಯೆತ್ತಿ ನೋಡಿದರೆ ತರಗತಿಯೆಲ್ಲ ಆಚೆ ಬದಿಗಿತ್ತು. ಈಚೆ ಬದಿಗೆ ನಾನೊಬ್ಬಳೇ ಕೂತಿದ್ದೆ.